ನಾಯಿಮರಿಯ ಜಡೆಗಟ್ಟಿದ ಕೂದಲು: ಗ್ರೂಮಿಂಗ್ ಕೇಂದ್ರಕ್ಕೆ ಒಂದು ದೂರು ಪತ್ರ

ನಾಪೋಕ್ಲು, ಕೊಡಗು
ಆಗಸ್ಟ್ 12

ಇವರಿಗೆ,
ವ್ಯವಸ್ಥಾಪಕರು,
ನಾಯಿ ಗ್ರೂಮಿಂಗ್ ಕೇಂದ್ರ, ಮಡಿಕೇರಿ ಶಾಖೆ

ವಿಷಯ: ದುಡ್ಡು ತೆಗೆದುಕೊಂಡೂ ಕೂದಲನ್ನು ಬುಡದವರೆಗೆ ಬಾಚದೆ ಇದ್ದದ್ದು, ಕೇಳದೆ ಬೋಳಿಸಿದ್ದು, ಕೊನೆಗೆ ತಪ್ಪನ್ನು ನಮ್ಮ ತಲೆಗೆ ಕಟ್ಟಿದ್ದು

ಮಾನ್ಯರೇ,

ಜುಲೈ 26ರ ಮಧ್ಯಾಹ್ನ ನಿಮ್ಮ ಹುಡುಗ ಒಳಗಿನಿಂದ ಒಂದು ನಾಯಿಯನ್ನು ಎತ್ತಿಕೊಂಡು ಬಂದಾಗ, ಬೇರೆ ಯಾರದ್ದೋ ಇರಬೇಕು ಅಂತ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅದು ನನ್ನನ್ನು ನೋಡಿ ಬಾಲ ಆಡಿಸಿದ ಮೇಲೆಯೇ ನಮ್ಮ ಪುಟ್ಟು ಅಂತ ಗೊತ್ತಾಗಿದ್ದು. ಮೈಮೇಲೆ ಕೂದಲಿಲ್ಲ. ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. ಹೊರಗೆ ಕಕ್ಕಡ ತಿಂಗಳ ಮಳೆ. "ಆಂಟಿ, ಪೂರ್ತಿ ಜಡೆಗಟ್ಟಿತ್ತು, ತೆಗೀಲೇಬೇಕಾಯ್ತು. ನೀವು ಮನೇಲಿ ಬಾಚೋದೇ ಇಲ್ಲ ಅಲ್ವಾ?" ಅಂದ. ಬಿಲ್ಲಿನಲ್ಲಿ ಜಡೆ ತೆಗೆದದ್ದಕ್ಕೆ 900 ರೂಪಾಯಿ ಜಾಸ್ತಿ ಹಾಕಿದ್ದರು. ಪ್ರತಿ ಭೇಟಿಗೂ ನೀವು ತುಂಬುವ ಕಾರ್ಡಿನಲ್ಲಿ "ಮಾಲೀಕರ ನಿರ್ಲಕ್ಷ್ಯ" ಅಂತ ಬರೆದಿದ್ದರು.

ಆವತ್ತು ನಾನು ಬಾಯಿ ಬಿಡಲಿಲ್ಲ. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು, ನನಗೆ ನಾಚಿಕೆಯಾಯಿತು. ದುಡ್ಡು ಕೊಟ್ಟು, ಪುಟ್ಟುವನ್ನು ನನ್ನ ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಈಗ ಆ ನಾಚಿಕೆ ಹೋಗಿದೆ. ಅದು ಹೋಗಿದ್ದು ಒಂದು ಕೆಂಪು ದಾರದಿಂದ. ಅದರ ಕಥೆ ಆಮೇಲೆ ಹೇಳುತ್ತೇನೆ.

ನಮ್ಮದು ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ನಾಯಿ ನಮಗೆ ಹೊಸದಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅಂಗಳದಲ್ಲಿ ನಾಟಿ ನಾಯಿ ಇಲ್ಲದ ದಿನವೇ ಇಲ್ಲ. ಅವುಗಳ ಮೈಯಿಂದ ಉಣ್ಣಿ ಹೆಕ್ಕಿದ್ದೇನೆ, ಜಿಗಣೆ ಕಿತ್ತಿದ್ದೇನೆ. ಬಾಚಣಿಗೆ ಮಾತ್ರ ಒಂದಕ್ಕೂ ಹಿಡಿದವಳಲ್ಲ. ಪುಟ್ಟು ಬೇರೆ ಜಾತಿ. ಪೂಡಲ್ ಮತ್ತು ಕಾಕರ್ ಸ್ಪ್ಯಾನಿಯಲ್ ಬೆರಕೆ. ಹೋದ ಹುತ್ತರಿ ಸಮಯದಲ್ಲಿ (ನಮ್ಮ ಸುಗ್ಗಿ ಹಬ್ಬ, ಡಿಸೆಂಬರ್ ಹೊತ್ತಿಗೆ) ಮಗ ಬೆಂಗಳೂರಿನಿಂದ ತಂದ, ಆಗ ಎರಡು ತಿಂಗಳ ಮರಿ. ಮೈತುಂಬ ಸುರುಳಿ ಸುರುಳಿ ಬಿಳಿ ಕೂದಲು ನೋಡಿ ಮೊಮ್ಮಗಳು "ಅಜ್ಜಿ, ನೂಲ್‌ಪುಟ್ಟು ಥರ ಇದೆ" ಅಂದಳು. ನೂಲ್‌ಪುಟ್ಟು ಅಂದರೆ ನಮ್ಮ ಕಡೆಯ ಒತ್ತು ಶಾವಿಗೆ. ಅದೇ ಹೆಸರಾಯಿತು.

ಮರಿ ಮಾರಿದವರು ಮಗನಿಗೆ ಹೇಳಿದ್ದು ಒಂದೇ ಮಾತು, ಕೂದಲು ಉದುರುವುದಿಲ್ಲ ಅಂತ. ಈ ಮಾತಿನ ಮೂಲ ಎಲ್ಲಿ ಅಂತ ನಾನು ಆಮೇಲೆ ಓದಿಕೊಂಡೆ. 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅನ್ನುವವರು ಕಣ್ಣು ಕಾಣದ ಒಬ್ಬ ಹೆಂಗಸಿಗೆ ದಾರಿ ತೋರಿಸಲು ಪೂಡಲ್ ಮತ್ತು ಲ್ಯಾಬ್ರಡಾರ್ ಬೆರಕೆ ನಾಯಿ ಬೆಳೆಸಿದರಂತೆ. ಆಕೆಯ ಗಂಡನಿಗೆ ನಾಯಿ ಕೂದಲಿನ ಅಲರ್ಜಿ. ಆಮೇಲೆ ಪೂಡಲ್ ಬೆರಕೆ ಮರಿಗಳಿಗೆ ಬೇಡಿಕೆ ಏರಿತು, "ಉದುರುವುದಿಲ್ಲ" ಅನ್ನುವ ಮಾತೂ ಜೊತೆಗೇ ಹೊರಟು ನಮ್ಮ ನಾಪೋಕ್ಲಿಗೂ ಬಂತು. ಉದುರದ ಕೂದಲು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಇದನ್ನು ನನಗೆ ತಿಳಿಸಿ ಹೇಳಿದ್ದು ಪಶುವೈದ್ಯರು. ಮಗುವಿಗೆ ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬರುವ ಹಾಗೆ, ಈ ಜಾತಿಯ ಮರಿಗಳಿಗೆ ಏಳೆಂಟು ತಿಂಗಳಿಂದ ವರ್ಷ, ಒಂದೂವರೆ ವರ್ಷದೊಳಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಮರಿಗೂದಲು ರೇಷ್ಮೆ ಥರ ನುಣುಪು. ಹೊಸದು ಒರಟು, ದಟ್ಟ, ಸುರುಳಿ ಜಾಸ್ತಿ. ನಾಟಿ ನಾಯಿಯಾದರೆ ಸತ್ತ ಕೂದಲು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಆಯಿತು. ಇದರಲ್ಲಿ ಸತ್ತ ಕೂದಲು ಹೊಸ ಸುರುಳಿಯೊಳಗೆ ಸಿಕ್ಕಿಕೊಂಡು, ಚರ್ಮದ ಪಕ್ಕದಲ್ಲೇ ಗಂಟಾಗುತ್ತದೆ. ಮೇಲಿನಿಂದ ನೋಡಿದರೆ ಹತ್ತಿ ಹಿಂಜಿದ ಹಾಗೆ ಚಂದ ಕಾಣುತ್ತದೆ. ಬೆರಳು ಬುಡಕ್ಕೆ ಇಳಿಸಿದರೆ ಮಾತ್ರ ಗೊತ್ತಾಗುವುದು. ಆ ತಿಂಗಳುಗಳಲ್ಲಿ ಮೂರ್ನಾಲ್ಕು ದಿನ ಬಿಟ್ಟರೂ ಹೊಸ ಸಿಕ್ಕು ಬೀಳುತ್ತದಂತೆ.

ನಿಮಗೆ ಇದು ಗೊತ್ತಿಲ್ಲದ ವಿಷಯ ಅಲ್ಲ ಅಲ್ವಾ? ನಿಮ್ಮ ಕೆಲಸವೇ ಇದು. ಫೆಬ್ರವರಿಯಲ್ಲಿ ಆರು ಭೇಟಿಯ ಪ್ಯಾಕೇಜಿಗೆ ನಾನು 7,200 ರೂಪಾಯಿ ಕಟ್ಟಿದೆ. ನಿಮ್ಮ ಪಟ್ಟಿಯಲ್ಲಿ ಮೊದಲ ಸಾಲೇ "ಬುಡದಿಂದ ತುದಿಯವರೆಗೆ ಸಿಕ್ಕು ಬಿಡಿಸುವುದು". ಮರಿಗೆ ಆಗ ನಾಲ್ಕು ತಿಂಗಳು, ಪ್ಯಾಕೇಜ್ ಮುಗಿಯುವಾಗ ಒಂಬತ್ತು ದಾಟುತ್ತದೆ ಅಂತ ಲೆಕ್ಕ ಹಾಕುವುದು ಕಷ್ಟವಲ್ಲ. ಕೂದಲು ಬದಲಾಗುವ ಸಮಯ ಸರಿಯಾಗಿ ನಮ್ಮ ಮಳೆಗಾಲಕ್ಕೇ ಬೀಳುತ್ತಿತ್ತು. "ಆಂಟಿ, ಜೂನ್‌ನಿಂದ ದಿನಾ ಬಾಚಿ, ಇಲ್ಲಾಂದ್ರೆ ಈಗಲೇ ಗಿಡ್ಡ ಕತ್ತರಿಸಿಬಿಡೋಣ" ಅಂತ ಒಂದು ಮಾತು ಯಾರಾದರೂ ಹೇಳಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಕೆಂಪು ದಾರಕ್ಕೆ ಬರುತ್ತೇನೆ. ಜುಲೈ 26ರಂದು ನಿಮ್ಮ ಹುಡುಗ, ನನ್ನ ನಿರ್ಲಕ್ಷ್ಯಕ್ಕೆ ಸಾಕ್ಷಿ ಅಂತ, ಬೋಳಿಸಿದ ಕೂದಲನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟ. "ನೋಡಿ, ಕಂಬಳಿ ಥರ ಒಂದೇ ತುಂಡಾಗಿ ಬಂತು" ಅಂದ. ಮನೆಯಲ್ಲಿ ನಮ್ಮ ಯಜಮಾನರು ಅದನ್ನು ಪೇಪರ್ ಮೇಲೆ ಹರಡಿ ನೋಡಿದರು. ಅವರು ಕಾಫಿ ಬೀಜ ಆರಿಸುವ ಮನುಷ್ಯ, ಕಣ್ಣು ಸೂಕ್ಷ್ಮ. ಕಿವಿ ಹಿಂದಿನ ತುಂಡಿನಲ್ಲಿ, ಚರ್ಮದ ಕಡೆಯ ಮಗ್ಗುಲಲ್ಲಿ, ಗಂಟಿನೊಳಗೆ ಎರಡು ಇಂಚಿನ ಕೆಂಪು ಉಲ್ಲನ್ ದಾರ ಹೆಣೆದುಕೊಂಡಿತ್ತು. ಅದು ಮೇ 11ರದ್ದು. ಆವತ್ತು ನಮ್ಮ ನಾದಿನಿಯ ಮಗಳ ಮದುವೆ. ಮೊಮ್ಮಗಳು ಪುಟ್ಟುವಿನ ಕಿವಿಗೆ ಕೆಂಪು ದಾರದ ಹೂವು ಕಟ್ಟಿದ್ದಳು. ಸಂಜೆ ಬಿಚ್ಚಿದೆವು, ಒಂದು ತುಂಡು ಉಳಿದಿದ್ದು ನಮಗೆ ಗೊತ್ತಾಗಲಿಲ್ಲ. ಮದುವೆ ಫೋಟೊ ಇದೆ, ಇದರ ಜೊತೆ ಇಟ್ಟಿದ್ದೇನೆ.

ಈಗ ನೀವೇ ಲೆಕ್ಕ ಹಾಕಿ. ಮೇ 25ರಂದು ನಿಮ್ಮಲ್ಲಿ ಪುಟ್ಟುವಿಗೆ ಪೂರ್ತಿ ಬಾಚಿದ್ದಾಯಿತು. ಜೂನ್ 22ರಂದು ಮತ್ತೆ ಆಯಿತು. ಎರಡೂ ಸಲ ಕಾರ್ಡಿನಲ್ಲಿ ಕೂದಲಿನ ಮುಂದೆ "ಉತ್ತಮ" ಅಂತ ಗುರುತು. ಬಾಚಣಿಗೆ ನಿಜವಾಗಿ ಚರ್ಮ ಮುಟ್ಟಿದ್ದರೆ ಆ ದಾರ ಮೇ ತಿಂಗಳಲ್ಲೇ ಹೊರಗೆ ಬರಬೇಕಿತ್ತು. ಅದು ಜುಲೈವರೆಗೆ ಅಲ್ಲೇ ಕೂತಿತ್ತು, ಅದರ ಸುತ್ತ ಕೂದಲು ಹೆಣೆದುಕೊಂಡಿತು.

ಇನ್ನೊಂದು. ಜೂನ್ 22ರಂದು ಬಿಡಲು ಬಂದಾಗಲೇ ಕಿವಿ ಹಿಂದೆ ಹುಣಸೆ ಬೀಜದಷ್ಟು ಗಟ್ಟಿ ಏನೋ ಕೈಗೆ ಸಿಗುತ್ತದೆ ಅಂತ ನಾನೇ ತೋರಿಸಿದ್ದೆ. "ಸ್ನಾನ ಮಾಡಿಸಿ ಡ್ರೈಯರ್ ಹೊಡೆದ್ರೆ ಬಿಟ್ಕೊಳುತ್ತೆ ಆಂಟಿ" ಅಂದರು. ನಿಮ್ಮ ಅಂಗಡಿಯ ಗಾಜಿನ ಆಚೆ ನಿಂತು ನೋಡಿದ್ದೇನೆ, ಪ್ರತಿ ಸಲವೂ ಮೊದಲು ನೀರು, ಆಮೇಲೆ ಬ್ರಷ್. ಕೊಡಗಿನಲ್ಲಿ ಸ್ವೆಟರ್ ಒಗೆದ ಯಾರನ್ನು ಬೇಕಾದರೂ ಕೇಳಿ. ಉಣ್ಣೆಬಟ್ಟೆಯನ್ನು ಬಿಸಿನೀರಲ್ಲಿ ಉಜ್ಜಿ ಒಗೆದರೆ ಏನಾಗುತ್ತದೆ? ಕುಗ್ಗಿ ಗಟ್ಟಿಯಾಗುತ್ತದೆ. ಸಿಕ್ಕು ಬಿದ್ದ ನಾಯಿಕೂದಲೂ ಹಾಗೆಯೇ, ಒದ್ದೆಯಾಗಿ ಒಣಗಿದಾಗ ಇನ್ನೂ ಬಿಗಿಯುತ್ತದೆ. ಮೊದಲು ಒಣಗಿದ ಕೂದಲಿನಲ್ಲೇ ಸಿಕ್ಕು ಬಿಡಿಸಬೇಕು, ಆಮೇಲೆ ಸ್ನಾನ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಇಲ್ಲಿ ಟವೆಲ್ ಒಣಗುವುದಕ್ಕೇ ಮೂರು ದಿನ. ಗಂಟಿನ ಕೆಳಗೆ ಸೇರಿದ ನೀರು ಒಣಗುವುದು ಯಾವಾಗ?

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ವಾರಕ್ಕೆ ಎರಡು ಸಲ ಬ್ರಷ್ ಮಾಡುತ್ತಿದ್ದೆ, ಆದರೆ ಮೇಲೆ ಮೇಲೆ. ನಿಮ್ಮಲ್ಲಿ ನೋಡಿ ಕಲಿತದ್ದೇ ಅದು. ಎದೆಗೆ ಕಟ್ಟುವ ಬೆಲ್ಟನ್ನು (ಹಾರ್ನೆಸ್) ಮನೆಯೊಳಗೂ ಬಿಚ್ಚುತ್ತಿರಲಿಲ್ಲ, ಅದು ಉಜ್ಜಿ ಉಜ್ಜಿ ಕಂಕುಳಲ್ಲಿ ಗಂಟಾಯಿತು. ತೋಟಕ್ಕೆ ಹೋದರೆ ಉತ್ತರಾಣಿ ಬೀಜ ಮೆತ್ತಿಕೊಂಡು ಬರುತ್ತಿತ್ತು, ಎಷ್ಟೋ ಸಲ ನಾಳೆ ತೆಗೆದರಾಯಿತು ಅಂತ ಬಿಟ್ಟೆ. ಕೊನೆಯ ಭೇಟಿ ನಾಲ್ಕು ದಿನ ತಡವಾಯಿತು, ಹೊಳೆ ಉಕ್ಕಿ ರಸ್ತೆ ಬಂದ್ ಆಗಿತ್ತು. ಆದರೂ ದಿನಾ ಇಂಥದ್ದನ್ನೇ ನೋಡುವವರು ನೀವು, ಮೊದಲ ಸಲ ನೋಡುತ್ತಿರುವವಳು ನಾನು. ಅರ್ಧ ತಪ್ಪು ನಿಮ್ಮದು ಅಂತ ಒಪ್ಪಿಕೊಂಡಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ.

ಬೋಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಷ್ಟು ಜಡೆಗಟ್ಟಿದ ಮೇಲೆ ಗಂಟೆಗಟ್ಟಲೆ ಎಳೆದು ಬಿಡಿಸುವುದು ನಾಯಿಗೆ ಹಿಂಸೆ. ಕತ್ತರಿ ಹಾಕಿದರೆ ಗಂಟಿನ ಜೊತೆ ಮೇಲೆದ್ದ ಚರ್ಮವೂ ಕತ್ತರಿಸಿಹೋಗಬಹುದು. ಹುಡುಗ ಒಂದು ಗಾಯವೂ ಮಾಡದೆ ಮಿಷನ್‌ನಲ್ಲೇ ತೆಗೆದಿದ್ದಾನೆ. ಕಂಕುಳಲ್ಲಿ ಬ್ಲೇಡ್ ಕಾದು ಸ್ವಲ್ಪ ಕೆಂಪಾಗಿತ್ತು, ಅದು ವಾಸಿಯಾಯಿತು. ನನ್ನ ಪ್ರಶ್ನೆ, ಒಂದು ಫೋನ್ ಯಾಕೆ ಮಾಡಲಿಲ್ಲ? ನಂಬರ್ ಕಾರ್ಡಿನ ಮೇಲೇ ಇದೆ. ಆ ಎರಡು ಗಂಟೆ ನಾನು ಮಡಿಕೇರಿ ಪೇಟೆಯಲ್ಲೇ ತರಕಾರಿ ತೆಗೆದುಕೊಳ್ಳುತ್ತಿದ್ದೆ. ಹೇಳಿದ್ದರೆ ಕಾರಣ ಕೇಳಿಕೊಂಡು "ಮಾಡಿ" ಅನ್ನುತ್ತಿದ್ದೆ, ಬರುವಾಗ ಒಂದು ಸ್ವೆಟರ್ ತರುತ್ತಿದ್ದೆ.

ಅದಕ್ಕಿಂತ ದೊಡ್ಡದು ಕಿವಿಯ ವಿಷಯ. ಮನೆಗೆ ಬಂದ ರಾತ್ರಿಯಿಂದ ಪುಟ್ಟು ತಲೆ ಕೊಡವುತ್ತಲೇ ಇತ್ತು. ಕಿವಿ ಫಟ್ ಫಟ್ ಅಂತ ಹೊಡೆದುಕೊಳ್ಳುವ ಸದ್ದಿಗೆ ನಮಗೂ ನಿದ್ದೆ ಇಲ್ಲ. ಮಾರನೇ ದಿನ ಎಡಗಿವಿ ನೂಲ್‌ಪುಟ್ಟಿನ ಬದಲು ಕಡುಬಿನ ಹಾಗೆ ಊದಿತ್ತು. (ತಮಾಷೆ ಅಲ್ಲ, ಮೊಮ್ಮಗಳು ಹಾಗೆ ಹೇಳಿಯೇ ಅತ್ತದ್ದು.) ವೈದ್ಯರು ನೋಡಿದ ಕೂಡಲೇ ಕೇಳಿದರು, "ಕಿವಿಯ ಜಡೆ ತೆಗೆಸಿದಿರಾ?" ಅಂತ. ಬಿಗಿಯಾಗಿ ಹಿಡಿದಿದ್ದ ಗಂಟು ಒಮ್ಮೆಲೇ ಹೋದಾಗ ಕಿವಿಗೆ ರಕ್ತ ನುಗ್ಗುತ್ತದೆ, ನಾಯಿಗೆ ಹೇಗೋ ಆಗಿ ತಲೆ ಕೊಡವುತ್ತದೆ, ಆ ಹೊಡೆತಕ್ಕೆ ಒಳಗಿನ ರಕ್ತನಾಳ ಒಡೆದು ಕಿವಿಯೊಳಗೆ ರಕ್ತ ತುಂಬುತ್ತದೆ. ಜಡೆ ತೆಗೆದ ನಾಯಿಗಳಲ್ಲಿ ಇದು ಆಗುವುದುಂಟಂತೆ. ಕಿವಿಗಳನ್ನು ತಲೆಗೆ ಸೇರಿಸಿ ಹಗುರವಾಗಿ ಬಟ್ಟೆ ಸುತ್ತಿ ಎರಡು ದಿನ ಗಮನಿಸಿ ಅಂತ ನೀವು ಹೇಳಿ ಕಳಿಸಬೇಕಿತ್ತು. ರಕ್ತ ತೆಗೆಸಿ, ಔಷಧಿ, ಎರಡು ಸಲ ಹೋಗಿ ಬಂದದ್ದು ಸೇರಿ 2,400 ರೂಪಾಯಿ ಆಯಿತು. ರಸೀದಿ ಜೊತೆಗಿದೆ.

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಜಡೆ ಲೆಕ್ಕದ 900 ಮತ್ತು ಕಿವಿ ಲೆಕ್ಕದ 2,400, ಒಟ್ಟು 3,300 ರೂಪಾಯಿ ವಾಪಸ್ ಕೊಡಿ. ಪ್ಯಾಕೇಜಿನ 7,200 ಕೇಳುತ್ತಿಲ್ಲ, ಉಗುರು ಮತ್ತು ಸ್ನಾನದ ಕೆಲಸ ಚೆನ್ನಾಗಿಯೇ ಮಾಡಿದ್ದೀರಿ. ಕಾರ್ಡಿನಲ್ಲಿರುವ "ಮಾಲೀಕರ ನಿರ್ಲಕ್ಷ್ಯ" ಅನ್ನುವ ಮಾತನ್ನು ಹೊಡೆದುಹಾಕಿ ಸಹಿ ಮಾಡಿ. ನಿಜ ಹೇಳಬೇಕೆಂದರೆ ದುಡ್ಡಿಗಿಂತ ನನಗೆ ಇದೇ ಮುಖ್ಯ. ಮೂವತ್ತು ವರ್ಷ ಮಕ್ಕಳ ಪ್ರಗತಿ ಪತ್ರ ಬರೆದವಳು ನಾನು. ಎರಡು ತಿಂಗಳು "ಉತ್ತಮ" ಅಂತ ಬರೆದು ಮೂರನೇ ತಿಂಗಳು ಫೇಲ್ ಮಾಡಿದರೆ, ಮಗುವಿಗಿಂತ ಮೊದಲು ಟೀಚರನ್ನು ಕೇಳಬೇಕಾಗುತ್ತದೆ. ಮತ್ತೆ, ಸುರುಳಿಗೂದಲಿನ ಮರಿ ತರುವ ಎಲ್ಲರಿಗೂ ಆರು ತಿಂಗಳು ತುಂಬುವ ಮೊದಲೇ ಕನ್ನಡದಲ್ಲಿ ಒಂದು ಹಾಳೆ ಕೊಡಿ.

ಆ ಹಾಳೆಗೆ ಬೇಕಾದ್ದು ಈಗ ನನಗೇ ಗೊತ್ತು. ಒಣಗಿದ ಕೂದಲಿನ ಮೇಲೆ, ನೆನೆಯದಷ್ಟು ಹಗುರವಾಗಿ ನೀರು ಚಿಮುಕಿಸಿ, ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ಬಿಡಿಸಿ, ಚರ್ಮ ಕಾಣಬೇಕು. ಮೊದಲು ತುದಿ, ಆಮೇಲೆ ನಿಧಾನ ಬುಡ. ಸ್ಲಿಕರ್ ಬ್ರಷ್ (ಸಣ್ಣ ಬಾಗಿದ ತಂತಿಗಳದ್ದು) ಆದ ಮೇಲೆ ಸ್ಟೀಲ್ ಬಾಚಣಿಗೆ ಇಳಿಸಿ, ಅದು ತಡೆಯಿಲ್ಲದೆ ಬಂದರೆ ಮಾತ್ರ ಆ ಜಾಗ ಮುಗಿಯಿತು. ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಬೆಲ್ಟ್ ಕೆಳಗೆ. ಭಾನುವಾರ ಒಂದು ಗಂಟೆ ಮಾಡುವ ಬದಲು ದಿನಾ ಹತ್ತು ನಿಮಿಷ. ಮಳೆಯಲ್ಲಿ ನೆಂದು ಬಂದರೆ ಬುಡದವರೆಗೆ ಒಣಗಿಸಿಯೇ ಮಲಗಿಸಬೇಕು. ಮಳೆಗಾಲಕ್ಕೆ ಗಿಡ್ಡ ಕೂದಲೇ ಲೇಸು. ಚಂದ ಬೇಕಿದ್ದರೆ ಬೇಸಿಗೆ ಇದೆಯಲ್ಲ.

ಸೆಪ್ಟೆಂಬರ್ 3, ಕೈಲ್ ಮುಹೂರ್ತ ಹಬ್ಬದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ತರಕಾರಿಗೆ ಮಡಿಕೇರಿಗೆ ಬರುವುದು ಇದ್ದೇ ಇದೆ.

ಆ ಹುಡುಗನ ಸಂಬಳಕ್ಕೆ ಕೈ ಹಾಕಬೇಡಿ. ಒಂದು ನಾಯಿಗೆ ನಲವತ್ತೈದು ನಿಮಿಷ ಅಂತ ನೀವು ಕಟ್ಟು ಮಾಡಿದ್ದೀರಂತೆ, ಅವನೇ ಹೇಳಿದ. ಸುರುಳಿಗೂದಲಿನ ನಾಯಿಯನ್ನು ಸಾಲು ಬಿಡಿಸಿ ಬಾಚುವುದಕ್ಕೇ ಅಷ್ಟು ಹೊತ್ತು ಬೇಕು.

ಕಾರ್ಡಿನ ನಕಲು, ಬಿಲ್ಲು, ಮದುವೆ ಫೋಟೊ, ಕಿವಿಯ ಫೋಟೊ, ವೈದ್ಯರ ರಸೀದಿ ಲಗತ್ತಿಸಿದ್ದೇನೆ. ದಾರ ಇರುವ ಕೂದಲಿನ ತುಂಡನ್ನು ಕಳಿಸಿಲ್ಲ. ಅದು ನಮ್ಮ ಮನೆಯಲ್ಲಿ ಬಿಸ್ಕತ್ ಡಬ್ಬಿಯಲ್ಲಿದೆ. ನೋಡಬೇಕೆಂದರೆ ಬನ್ನಿ, ಕಾಫಿ ಕುಡಿದು ಹೋಗಬಹುದು.

ಇಂತಿ,
ಪುಟ್ಟುವಿನ ಮನೆಯವರು