ಗುಂಡ ನಡೀತಾನೆ ಮಾರಾಯ್ರೆ, ಎಲ್ಲರಿಗೂ ಥ್ಯಾಂಕ್ಸ್

ನಡೀಲಿಕ್ಕಾಗದೆ ಬಿದ್ದುಕೊಂಡಿದ್ದ ನಮ್ಮ ನಾಯಿಮರಿ ಗುಂಡ ಹೇಗಿದ್ದಾನೆ ಅಂತ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ, ನೀರ್ಚಾಲು ಬಸ್ಸಲ್ಲಿ, ಮದುವೆ ಹಾಲ್ ಊಟದ ಪಂಕ್ತಿಯಲ್ಲಿ ಸಹ ಕೇಳಿದವರಿದ್ದೀರಿ, ಒಬ್ಬೊಬ್ಬರಿಗೆ ಹೇಳಿ ಪೂರೈಸುವುದಿಲ್ಲ, ಹಾಗಾಗಿ ಒಟ್ಟಿಗೇ ಬರೀತಾ ಇದ್ದೇನೆ. ನಡೀತಾನೆ. ಬರೀ ನಡಿಯುವುದಲ್ಲ, ಜಗಲಿಯಿಂದ ಅಂಗಳಕ್ಕೆ ಹಾರಿ ಸೀದಾ ಕೊಟ್ಟಿಗೆಗೆ ನುಗ್ಗಿ ನಮ್ಮ ಗಿಡ್ಡ ದನದ ಹತ್ರ ಒಂದು ಹಾಯಿಸಿಕೊಂಡು ವಾಪಸ್ ಬರ್ತಾನೆ, ಪುನಃ ಹೋಗ್ತಾನೆ. ಹಿಂದಿನ ಎಡಗಾಲು ಸ್ವಲ್ಪ ಹೊರಗೆ ಹೋಗ್ತದೆ ಓಡುವಾಗ, ಅದು ಇರ್ಲಿ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ನಮ್ಮ ನಾಯಿ ಬೊಳ್ಳು ಮರಿ ಹಾಕಿದ್ದು ಮಳೆ ಜೋರಿರುವಾಗ, ಮರಿಗಳಲ್ಲಿ ಇವನೇ ದಪ್ಪ, ಅದಕ್ಕೇ ಗುಂಡ ಅಂತ ಹೆಸರು. ಮರಿಗಳು ಸಾಧಾರಣ ಎರಡು ವಾರದ ಒಳಗೆ ಕಣ್ಣು ಬಿಡ್ತವೆ, ಮೂರನೇ ವಾರದಲ್ಲಿ ಎದ್ದು ನಿಲ್ಲಲಿಕ್ಕೆ ನೋಡ್ತವೆ, ನಾಲ್ಕನೇ ವಾರಕ್ಕೆ ಬೀಳ್ತಾ ಏಳ್ತಾ ನಡೀತವೆ. ಉಳಿದವೆಲ್ಲ ಹಾಗೇ ಮಾಡಿದವು, ಇವನೊಬ್ಬ ಮಾತ್ರ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚಾಚಿ ಒಣಗ್ಲಿಕ್ಕೆ ಹಾಕಿದ ಹಪ್ಪಳದ ಹಾಗೆ ನೆಲಕ್ಕೆ ಅಂಟಿಕೊಂಡು ಕಾಲು ಬಡೀತಿದ್ದ. ಎದೆ ಚಪ್ಪಟೆಯಾಗ್ತಾ ಬಂತು, ಹಾಲು ಕುಡಿದ್ರೆ ಏದುಸಿರು. ನೋಡ್ಲಿಕ್ಕೆ ಬಂದ ಕೆಲವರು ಇದು ಬದುಕುವ ಜೀವ ಅಲ್ಲ, ಗೋಣಿಯಲ್ಲಿ ಹಾಕಿ ಎಲ್ಲಾದ್ರೂ ಬಿಟ್ಟು ಬನ್ನಿ ಅಂದ್ರು. ಅವರಿಗೆ ಈ ಬರಹದಲ್ಲಿ ಥ್ಯಾಂಕ್ಸ್ ಇಲ್ಲ.

ಮೊದಲನೇ ಥ್ಯಾಂಕ್ಸ್ ಮೃಗಾಸ್ಪತ್ರೆಯ ಡಾಕ್ಟರ್ ಮೇಡಂಗೆ. ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಮಾತಾಡ್ತಾ ಮರಿಯ ಬೆರಳು ಚಿವುಟಿ ನೋಡಿದ್ರು, ಕಾಲು ಹಿಂದೆ ಎಳ್ಕೊಂಡ, ಅಂದ್ರೆ ನರಕ್ಕೆ ಬೆನ್ನಿಗೆ ತೊಂದರೆ ಕಾಣುವುದಿಲ್ಲ ಅಂದ್ರು, ವಸಡಿನ ಬಣ್ಣ ನೋಡಿದ್ರು, ಹುಳ ಜಾಸ್ತಿಯಾಗಿ ರಕ್ತ ಕಮ್ಮಿಯಾದ್ರೂ ಮರಿಗಳು ಸೋತು ಬಿದ್ದುಕೊಳ್ತವಂತೆ. ಆಮೇಲೆ ಹೇಳಿದ್ರು, ಇದು ಸ್ವಿಮ್ಮರ್ ಪಪ್ಪಿ, ಈಜುವ ಹಾಗೆ ಕಾಲು ಆಡಿಸ್ತದೆ, ಕಾಲುಗಳನ್ನು ಹೊಟ್ಟೆ ಅಡಿಗೆ ತರುವ ಶಕ್ತಿ ಇನ್ನೂ ಬಂದಿಲ್ಲ ಅಷ್ಟೇ. ಕಾರಣ ಇಂಥದ್ದೇ ಅಂತ ಯಾರೂ ಖಂಡಿತ ಹೇಳುವುದಿಲ್ಲವಂತೆ, ಹುಟ್ಟಿನಿಂದ ಬಂದದ್ದಿರಬಹುದು, ತೂಕ ಜಾಸ್ತಿಯಾದ್ರೆ ಕಷ್ಟ ಹೆಚ್ಚು, ಜಾರುವ ನೆಲವಾದ್ರೆ ಇನ್ನೂ ಕಷ್ಟ. ಬುಲ್‌ಡಾಗ್, ಡ್ಯಾಶ್‌ಹೌಂಡ್ ಥರದ ಗಿಡ್ಡ ಕಾಲಿನ ಜಾತಿಗಳಲ್ಲಿ ಹೆಚ್ಚು ಕಾಣುವುದು, ನಮ್ಮ ಊರ ನಾಯಿಗೆ ಬಾರದು ಅಂತೇನಿಲ್ಲ. ನಾನು ಕ್ಯಾಲ್ಸಿಯಂ ಟಾನಿಕ್ ಬರೆದು ಕೊಡ್ತೀರಾ ಅಂತ ಕೇಳಿದ್ರೆ, ತಾಯಿ ಹಾಲು ಕುಡಿಯುವ ಮರಿಗೆ ಎಂತಕ್ಕೆ, ಬೇಡ, ಇದಕ್ಕೆ ಮದ್ದು ಅಂದ್ರೆ ನಿಮ್ಮ ಕೈ ಅಂದ್ರು. ಚೀಟಿಯಲ್ಲಿ ಮದ್ದಿನ ಹೆಸರು ಒಂದೂ ಇಲ್ಲ, ಬರೀ ಚಿತ್ರ, ಕಾಲಿಗೆ ಪಟ್ಟಿ ಹೇಗೆ ಹಾಕುವುದು ಅಂತ. ಎಳೆ ಎಲುಬು ಇರುವಾಗಲೇ ಶುರು ಮಾಡ್ಬೇಕು, ತಡವಾದಷ್ಟೂ ಕಷ್ಟ ಅಂತ ಎರಡೆರಡು ಸರ್ತಿ ಹೇಳಿ ಕಳಿಸಿದ್ರು.

ಆ ಚಿತ್ರ ತಗೊಂಡು ಹೋದದ್ದು ನಮ್ಮ ಟೈಲರಣ್ಣನ ಹತ್ರ. ಎರಡು ಹಿಂಗಾಲು ಸೇರಿಸಿ ಎಂಟರ ಆಕಾರದ ಪಟ್ಟಿ, ನಡುವೆ ಸೊಂಟದಷ್ಟೇ ಅಗಲ ಬಿಡ್ಬೇಕು, ಬಿಗಿಯಾದ್ರೆ ರಕ್ತ ಓಡುವುದಿಲ್ಲ, ಸಡಿಲವಾದ್ರೆ ಕಾಲು ಪುನಃ ಜಾರ್ತದೆ. ಅಣ್ಣ ಮೆತ್ತಗಿನ ಎಲಾಸ್ಟಿಕ್ಕಿಗೆ ಹಳೇ ಬನಿಯನ್ ಬಟ್ಟೆ ಸುತ್ತಿ ಹೊಲಿದುಕೊಟ್ರು. ಮೊದಲನೇದನ್ನು ಬೊಳ್ಳು ಅರ್ಧ ಗಂಟೆಯಲ್ಲಿ ಕಚ್ಚಿ ಹರಿದು ಹಾಕಿದ್ಳು, ಮಗನಿಗೆ ಎಂತದೋ ಕಟ್ಟಿದ್ದಾರೆ ಅಂತ ಆಗಿರ್ಬೇಕು ಅವಳಿಗೆ. ಮರಿ ಬೆಳೆಯುವ ಸ್ಪೀಡಿಗೆ ಅಳತೆ ಬದಲಾಗ್ತಾ ಇತ್ತು, ಓಣಂ ಬಟ್ಟೆ ಹೊಲಿಯುವ ರಶ್ಶಿನ ಮಧ್ಯ ಸಹ ಅಣ್ಣ ಒಮ್ಮೆಯೂ ನಾಳೆ ಬನ್ನಿ ಅಂತ ಹೇಳ್ಲಿಲ್ಲ. ಬ್ಲೌಸಿಗೆ ಆ ಮಾತು ಹೇಳ್ತಾರೆ, ನನಗೆ ಗೊತ್ತುಂಟು.

ಇನ್ನು ಅಜ್ಜಿ. ನಮ್ಮ ಕಡೆ ಮೂರು ತಲೆಮಾರಿನ ಶಿಶುಗಳನ್ನು ಕಾಲು ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದ ಅಜ್ಜಿ, ನಾಯಿ ಮುಟ್ಟಿದ್ರೆ ಸೀರೆ ಬದಲಾಯಿಸುವವರು ಅಂತ ನಾನು ಅಂದುಕೊಂಡಿದ್ದು, ಅವರೇ ಒಂದು ದಿನ ತೆಂಗಿನೆಣ್ಣೆ ಕುಪ್ಪಿ ಹಿಡ್ಕೊಂಡು ಬಂದ್ರು. ಎಣ್ಣೆ ಹಾಕಿದ್ರೆ ಪಟ್ಟಿ ಜಾರ್ತದೆ ಅಜ್ಜಿ ಅಂದದ್ದಕ್ಕೆ ಸ್ವಲ್ಪ ಬೇಸರವಾಯ್ತು, ಆದ್ರೂ ಬರೀ ಕೈಯಲ್ಲಿ ಶುರು ಮಾಡಿದ್ರು. ಪಟ್ಟಿ ಬಿಚ್ಚಿ, ತೊಡೆಯಿಂದ ಬೆರಳಿನವರೆಗೆ ನಿಧಾನ ನೀವುವುದು, ಮೊಣಕಾಲು ಮಡಚುವುದು ಬಿಡಿಸುವುದು, ಸೈಕಲ್ ತುಳಿದ ಹಾಗೆ ಆಡಿಸುವುದು, ಐದು ಹತ್ತು ನಿಮಿಷ, ಮರಿ ಕುಂಯ್ ಅಂದ್ರೆ ನಿಲ್ಲಿಸುವುದು, ಸ್ವಲ್ಪ ಹೊತ್ತು ಬಿಟ್ಟು ಪುನಃ. ಡಾಕ್ಟರ್ ಹೇಳಿದ್ದೂ ಇದನ್ನೇ, ದಿನಕ್ಕೆ ಒಂದೇ ಸರ್ತಿ ಗಂಟೆಗಟ್ಟಲೆ ಅಲ್ಲ, ಸ್ವಲ್ಪ ಸ್ವಲ್ಪ ತುಂಬ ಸರ್ತಿ. ನನ್ನ ಕೈಗೆ ಅಜ್ಜಿ ಕೈಯ ಹದ ಕೊನೆಯವರೆಗೂ ಬರ್ಲಿಲ್ಲ. ಪಟ್ಟಿ ಅಡಿಯ ಚರ್ಮ ಕೆಂಪಾದದ್ದನ್ನು ಮೊದಲು ನೋಡಿದ್ದೂ ಅವರೇ, ಕನ್ನಡಕ ಇಲ್ಲದೆ.

ಮಲಗುವ ಜಾಗ ಬದಲಾಯಿಸಿದ್ದು ಇನ್ನೊಂದು ದೊಡ್ಡ ಕೆಲಸ. ಟೈಲ್ಸ್ ಮೇಲೆ ಕಾಲಿಗೆ ಹಿಡಿತವೇ ಸಿಗುವುದಿಲ್ಲ. ರೇಷನ್ ಅಂಗಡಿಯವರು ಗೋಣಿ ಕೊಟ್ರು, ಮಾವನ ಮನೆಯಿಂದ ತೆಂಗಿನ ನಾರಿನ ಮ್ಯಾಟು ಬಂತು, ಅದರ ಮೇಲೆ ಬೇಕಂತಲೇ ಉಬ್ಬು ತಗ್ಗು ಮಾಡಿ ಹಳೇ ಸೀರೆ ಹಾಸಿದ್ದು, ಸಪಾಟಾಗಿ ಎದೆ ಒತ್ತಿ ಮಲಗಬಾರದು, ಪಕ್ಕಕ್ಕೆ ವಾಲ್ಬೇಕು, ಆಗ ಎದೆಗೂಡು ನಿಧಾನಕ್ಕೆ ಉರುಟಾಗ್ತದೆ. ಉಚ್ಚೆಯಲ್ಲೇ ಬಿದ್ದುಕೊಂಡ್ರೆ ಹೊಟ್ಟೆ ಚರ್ಮ ಸುಡ್ತದೆ, ಹಾಗಾಗಿ ಸೀರೆ ಒಗೆದದ್ದೇ ಒಗೆದದ್ದು, ಆಟಿ ಮಳೆಯಲ್ಲಿ ಎಲ್ಲಿ ಒಣಗಿಸುವುದು ಹೇಳಿ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿದ್ದು. ಅಷ್ಟು ಸಣ್ಣ ಮರಿಗಳಿಗೆ ಸ್ವಂತ ಮೈ ಬಿಸಿ ಇಟ್ಟುಕೊಳ್ಲಿಕ್ಕೆ ಸರಿಯಾಗಿ ಆಗುವುದಿಲ್ಲ, ಕರೆಂಟು ಹೋಗಿ ಬಲ್ಬು ಆರಿದ ರಾತ್ರಿ ಎಲ್ಲ ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟು ಕಾದದ್ದು ನಮ್ಮ ಅತ್ತೆ. ಅವರು ಇದನ್ನು ಓದುವುದಿಲ್ಲ, ಓದಿ ಹೇಳ್ತೇನೆ.

ಶಾಲೆ ಬಿಟ್ಟ ಕೂಡ್ಲೆ ಬರುವ ಮಕ್ಕಳ ಸೈನ್ಯ ಒಂದುಂಟು. ಹೊಟ್ಟೆ ಅಡಿಗೆ ಬೈರಾಸು, ಅಂದ್ರೆ ಟವೆಲ್, ಹಾಕಿ ಎತ್ತಿ ಹಿಡಿದು ಪಾದ ಮಾತ್ರ ಮ್ಯಾಟಿಗೆ ತಾಗುವ ಹಾಗೆ ನಡೆಸಿದ್ದು, ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಲ್ಲಿ ಅಂಗಾಲು ಕೆರೆದು ಕಾಲು ಎಳೆದುಕೊಳ್ಳುವ ಹಾಗೆ ಮಾಡಿದ್ದು, ಉಗುರು ಬೆಚ್ಚಗಿನ ನೀರಿನ ಬಕೆಟಲ್ಲಿ ತಲೆ ನೀರಿನಿಂದ ಮೇಲೆ ಇರುವ ಹಾಗೆ ಹಿಡಿದು ಕಾಲು ಆಡಿಸ್ಲಿಕ್ಕೆ ಬಿಟ್ಟದ್ದು, ಎಲ್ಲ ಅವರೇ. ನೀರಲ್ಲಿ ಮೈ ಭಾರ ಗೊತ್ತಾಗುವುದಿಲ್ಲ, ಇವನಿಗೆ ಅದೇ ಖುಷಿ. ಪಟ್ಟಿ ಹಾಕಿ ಎರಡು ವಾರ ದಾಟಿದ ಮೇಲೆ ಹಿಂಗಾಲು ಮೇಲೆ ಕೂತ, ಆಮೇಲೆ ಒಂದು ಸಂಜೆ ಬೊಳ್ಳು ಎದ್ದು ಹೋಗುವಾಗ ಮೊಲೆ ಬಿಡದೆ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿಬಿಟ್ಟ. ಮಕ್ಕಳು ಕಿರುಚಿದ ಸದ್ದಿಗೆ ಎಂತಾಯ್ತು ಅಂತ ಆಚೆಮನೆಯ ಬ್ಯಾರಿಯವರು ಕೊಡೆ ಸಹ ಇಲ್ಲದೆ ಓಡಿ ಬಂದ್ರು, ಅವರಿಗೂ ಥ್ಯಾಂಕ್ಸ್, ಆ ದಿನದ ಚಾ ಜೊತೆ ಅವರ ಮನೆಯಿಂದ ಬಂದ ಅಕ್ಕಿರೊಟ್ಟಿ ಪತ್ತಿರಿಗೂ.

ಉಳಿದ ಮರಿಗಳು ಪೆರ್ಲ, ಮುಳ್ಳೇರಿಯ, ಕುಂಬಳೆ ಅಂತ ಒಳ್ಳೆ ಮನೆ ಸೇರಿದವು, ಕರ್ಕೊಂಡು ಹೋದವರಿಗೆಲ್ಲ ಉಪಕಾರ ಮರೆಯುವುದಿಲ್ಲ. ಗುಂಡನನ್ನು ಕೇಳಿದವರೂ ಇದ್ದಾರೆ, ಕೊಡುವುದಿಲ್ಲ. ಮೊದಲನೇ ಇಂಜೆಕ್ಷನ್ ಆಯ್ತು, ಮೂರು ತಿಂಗಳಾದ ಮೇಲೆ ರೇಬಿಸ್‌ದು ಕೊಡಿಸಿ ಪಂಚಾಯತಿನಲ್ಲಿ ಲೈಸೆನ್ಸ್ ಮಾಡಿಸ್ಬೇಕು, ಬೊಳ್ಳುವಿಗೆ ಇನ್ನು ಮರಿ ಆಗದ ಹಾಗೆ ಆಪರೇಶನ್ನಿಗೂ ಹೇಳಿಟ್ಟಿದ್ದೇನೆ.

ಟೈಲರಣ್ಣ ಹೊಲಿದ ಪಟ್ಟಿಗಳು ಸಣ್ಣ ಅಳತೆಯಿಂದ ದೊಡ್ಡ ಅಳತೆವರೆಗೆ ಒಗೆದು ಡಬ್ಬಿಯಲ್ಲಿ ಇಟ್ಟಿದ್ದೇನೆ, ಮ್ಯಾಟು ಸಹ ಉಂಟು. ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಮೂರು ವಾರ ಕಳೆದರೂ ಕಾಲು ಚಾಚಿಕೊಂಡೇ ಇರುವ ಮರಿ ಇದ್ರೆ ಮೊದಲು ಡಾಕ್ಟರಿಗೆ ತೋರಿಸಿ, ಬೇರೆ ಕಾಯಿಲೆಯೂ ಇರಬಹುದು, ಪಟ್ಟಿ ಹಾಕ್ಲಿಕ್ಕೆ ಹೇಳಿದ್ರೆ ನಮ್ಮಲ್ಲಿಗೆ ಬನ್ನಿ, ಡಬ್ಬಿ ಕೊಡ್ತೇನೆ. ಅಜ್ಜಿಯನ್ನು ಮಾತ್ರ ನೀವೇ ಕೇಳಿ ಒಪ್ಪಿಸ್ಬೇಕು, ಅವರಿಗೆ ಈಗ ಡಿಮ್ಯಾಂಡ್ ಜಾಸ್ತಿ.