ಮುಖಪುಟದ ಬಣ್ಣ ನೋಡಿದರೆ ಸಾಲದು, ಒತ್ತಕ್ಷರವನ್ನೂ ನೋಡಿ

ಮಾನ್ಯರೆ,

ಸಿನಿಮಾ ಪತ್ರಿಕೆಯ ಮುಖಪುಟವನ್ನು ವಿಶ್ಲೇಷಿಸುವುದು ಹೇಗೆ ಎಂದು ನಿಮ್ಮ ಶಿಕ್ಷಣ ಪುರವಣಿಯಲ್ಲಿ ಬಂದ ಬರಹ, ಕೆಂಪು ಎಂದರೆ ಪ್ರೇಮ, ಕಪ್ಪು ಎಂದರೆ ಸಾವು, ಓದುಗನ ಕಣ್ಣು ಎಡದಿಂದ ಬಲಕ್ಕೆ ಓಡುತ್ತದೆ ಎಂಬಲ್ಲಿಗೇ ನಿಂತುಬಿಟ್ಟಿತು. ಯಾವ ಭಾಷೆಯ ಪತ್ರಿಕೆಗಾದರೂ ಅಂಟಿಸಬಹುದಾದ ಮಾತುಗಳಿವು. ಕನ್ನಡದ ಮುಖಪುಟ ಗೆಲ್ಲುವುದೂ ಸೋಲುವುದೂ ಮೊದಲು ಅಕ್ಷರದಲ್ಲಿ.

ಪತ್ರಿಕೆಯ ಹೆಸರಿನ ಮೇಲೆ ನಾಯಕನ ತಲೆ ಬರುವಂತೆ ಕೂರಿಸುವುದು ಹಳೆಯ ತಂತ್ರ. ಇಂಗ್ಲಿಷ್ ಹೆಸರಾದರೆ ಅಕ್ಷರಗಳ ಮೇಲರ್ಧ ಕಂಡರೂ ಓದಿಕೊಳ್ಳಬಹುದು. ನಮ್ಮಲ್ಲಿ ಗುಡಿಸು ಮೇಲೆ, ಒತ್ತು ಕೆಳಗೆ, ದೀರ್ಘ ಮಗ್ಗುಲಲ್ಲಿ. 'ಚಿತ್ರ' ಎಂಬುದರ ಬುಡವನ್ನು ನಾಯಕನ ಕೂದಲು ಮುಚ್ಚಿದರೆ ಒತ್ತು ಹೋಗಿ 'ಚಿತ' ಉಳಿಯುತ್ತದೆ. 'ಧ'ದ ಕೆಳಗಿನ ಸೀಳು ಮರೆಯಾದರೆ ಅದು 'ದ'. ಆದ್ದರಿಂದ ವಿದ್ಯಾರ್ಥಿ ಮುಖಪುಟದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಹೆಸರಿನಲ್ಲಿ ಕಾಣುವಷ್ಟು ಭಾಗವನ್ನು ಮಾತ್ರ ಪೆನ್ಸಿಲಿನಲ್ಲಿ ತಿದ್ದಬೇಕು. ಆ ಹಾಳೆಯನ್ನು ಪತ್ರಿಕೆಯ ಪರಿಚಯವಿಲ್ಲದವರ ಕೈಗೆ ಕೊಟ್ಟು ಓದಿಸಬೇಕು. ಅವರು ತಡವರಿಸಿದರೆ, ಎಷ್ಟೇ ಚೆಂದವಿದ್ದರೂ ಅದು ವಿನ್ಯಾಸದ ದೋಷ.

ಎರಡು ಸಾಲಿನ ಶೀರ್ಷಿಕೆಯದು ಇನ್ನೊಂದು ಪಾಡು. ಸಾಫ್ಟ್‌ವೇರ್ ತಾನಾಗಿ 20 ಪಾಯಿಂಟ್ (ಅಚ್ಚಕ್ಷರದ ಅಳತೆಯ ಮಾನ) ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 24 ಪಾಯಿಂಟ್ ಅಂತರ ಕೊಡುತ್ತದೆ. ಅದು ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ಅಷ್ಟೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. 28ರಿಂದ 30 ಬೇಕು. ಜಾಗ ತುಂಬಿಸಲು ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರೆ 'ಕೀ'ಯ ದೀರ್ಘ ತಬ್ಬಲಿಯಂತೆ ದೂರ ನಿಲ್ಲುತ್ತದೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್ ಬಿಟ್ಟು ಯುನಿಕೋಡ್‌ಗೆ ಬಂದವರು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸುವುದನ್ನು ಮರೆತರೆ 'ಕ್ರಾಂತಿ' ಒಡೆದು 'ಕ್‌ರಾಂತಿ' ಆಗುತ್ತದೆ.

ಇನ್ನು ಫೋಟೊ. ಅದನ್ನು ಎಡಬಲ ತಿರುಗಿಸಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಶೀರ್ಷಿಕೆಗೆ ಜಾಗ ಬೇಕೆಂದು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು ಒಂದು ಕ್ಲಿಕ್ಕಿನ ಕೆಲಸ. ಗಂಡಸರ ಶರ್ಟಿನಲ್ಲಿ ಎಡಗಡೆಯ ಪಟ್ಟಿ ಬಲಗಡೆಯದರ ಮೇಲೆ ಬರುತ್ತದೆ. ಅದು ಅದಲುಬದಲಾಗಿದ್ದರೆ ಅನುಮಾನಿಸಬೇಕು. ಕೊಡಗಿನಲ್ಲಿ ಇದಕ್ಕಿಂತ ಸುಲಭದ ಗುರುತಿದೆ. ಕೊಡವ ಸೀರೆಯ ನೆರಿಗೆ ಹಿಂದೆ. ಸೆರಗು ಎಡತೋಳಿನ ಕೆಳಗಿನಿಂದ ಬಂದು ಬಲಭುಜದ ಮೇಲೆ ಕೂರುತ್ತದೆ. ಚಿತ್ರ ತಿರುಗಿಸಿದರೆ ಸೆರಗು ಎಡಭುಜಕ್ಕೆ ಹೋಗುತ್ತದೆ. ಬೇರೆ ಊರಿನವರಿಗೆ ಅದು ಮಾಮೂಲಿ ಸೀರೆಯಂತೆ ಕಂಡೀತು. ಮಡಿಕೇರಿಯ ಪುಸ್ತಕದಂಗಡಿಯ ಮುಂದೆ ನಿಂತ ಹೆಂಗಸರು 'ಉಡಲು ಬರುವುದಿಲ್ಲ' ಎಂದು ನಟಿಯನ್ನೇ ಆಡಿಕೊಳ್ಳುತ್ತಾರೆ, ತಪ್ಪು ಕಂಪ್ಯೂಟರಿನ ಮುಂದೆ ಕೂತವರದು. ಕುಪ್ಯ-ಚೇಲೆ (ಕೊಡವ ಗಂಡಸರ ಕೋಟು ಮತ್ತು ಸೊಂಟಪಟ್ಟಿ) ತೊಟ್ಟ ನಟನ ಸೊಂಟದ ಮೇಲೆಯೇ ಹಳದಿ ಪಟ್ಟಿ ಎಳೆದು ಶೀರ್ಷಿಕೆ ಹಾಕುವವರೂ ಇದ್ದಾರೆ. ಕೆಂಪು ಚೇಲೆಯೂ ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯೂ ಮುಚ್ಚಿಹೋದ ಮೇಲೆ ಉಳಿಯುವುದು ಬರೀ ಕಪ್ಪು ಕೋಟು.

ಆ ಕಪ್ಪನ್ನೂ ಅವಸರದಲ್ಲಿ ಅರ್ಥೈಸಬಾರದು. ಕಪ್ಪು ಶಾಯಿ ಒಂದನ್ನೇ ಹಾಕಿದರೆ ದೊಡ್ಡ ಜಾಗದಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಹಾಗಾಗಿ ಜೊತೆಗೆ ಸಯಾನ್ (ತಿಳಿನೀಲಿ) ಶೇ 60, ಮೆಜೆಂಟಾ (ಕಡುಗುಲಾಬಿ) ಶೇ 40, ಹಳದಿ ಶೇ 40ರಷ್ಟು ಸೇರಿಸುವುದುಂಟು. ಅದೇ ಮಿಶ್ರಣವನ್ನು ಸಣ್ಣ ಅಕ್ಷರಕ್ಕೂ ಕೊಟ್ಟರೆ, ಅಚ್ಚಿನಲ್ಲಿ ಒಂದು ಶಾಯಿಯ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಭೂತಗನ್ನಡಿ ಹಿಡಿದರೆ ತಿಳಿಯುತ್ತದೆ. ಕಾಫಿ ತೋಟದ ಹಸಿರೂ ಹಾಗೆಯೇ. ಪರದೆಯ ಮೇಲೆ ಮಿಂಚಿದ್ದು ಅಚ್ಚಿನ ಈ ನಾಲ್ಕು ಶಾಯಿಗಳಿಗೆ ಇಳಿದಾಗ ಮಂಕಾಗುತ್ತದೆ. ಅದನ್ನು 'ವಿಷಾದದ ಸಂಕೇತ' ಎಂದು ಬರೆದ ಪ್ರಬಂಧಗಳಿಗೆ ಅಂಕ ಕೊಡುವವರೂ ಇರುವುದು ಸೋಜಿಗ.

ಭಾಷೆಯ ವಿಚಾರದಲ್ಲಿ ಇಂಗ್ಲಿಷ್ ಕೈಪಿಡಿ ಎಷ್ಟು ಓದಿದರೂ ಸಿಗದ ಒಂದು ಅಂಶವಿದೆ: ಕ್ರಿಯಾಪದದ ಮರ್ಯಾದೆ. ಒಂದೇ ಮುಖಪುಟದಲ್ಲಿ ನಾಯಕ 'ಬಂದರು', ನಾಯಕಿ 'ಬಂದಳು'. ಅವರಿಗೆ ಬಿರುದು ಸಮೇತ ಹೆಸರು, ಆಕೆಗೆ ಬರೀ ಹೆಸರು. ಇದನ್ನು ಪಟ್ಟಿ ಮಾಡದ ವಿಶ್ಲೇಷಣೆ ಅಪೂರ್ಣ. ಜೊತೆಗೆ ಮುಖಪುಟದ ಎಲ್ಲ ಪದಗಳನ್ನೂ ಕನ್ನಡ, ಕನ್ನಡ ಲಿಪಿಯ ಇಂಗ್ಲಿಷ್, ಇಂಗ್ಲಿಷ್ ಲಿಪಿಯವು ಎಂದು ಮೂರು ಕಾಲಮ್ಮಿನಲ್ಲಿ ಬರೆದು, ಪ್ರತಿ ಪದದ ಎದುರು ಅಕ್ಷರದ ಎತ್ತರವನ್ನು ಮಿಲಿಮೀಟರಿನಲ್ಲಿ ನಮೂದಿಸಬೇಕು. ಎಣಿಕೆಯಲ್ಲಿ ಕನ್ನಡವೇ ಹೆಚ್ಚಿದ್ದರೂ ಎತ್ತರದಲ್ಲಿ 'ಎಂಟ್ರಿ', 'ಎಕ್ಸ್‌ಕ್ಲೂಸಿವ್'ಗಳೇ ಮೇಲಾಗಿರಬಹುದು. 'ಮದುವೆಯಾದರಾ?' ಎಂಬಂಥ ಪ್ರಶ್ನಾರ್ಥಕದ ಶೀರ್ಷಿಕೆಗೆ ಒಳಪುಟದಲ್ಲಿ ಉತ್ತರವಿದೆಯೇ ಎಂದೂ ನೋಡಬೇಕು.

ಅಂಗಡಿಯಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಂದರ ಮೇಲೊಂದು ತೂಗುಬಿಟ್ಟಾಗ ಹೆಚ್ಚೆಂದರೆ ಮೇಲಿನ ಮೂರನೇ ಒಂದು ಭಾಗ ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಅದರ ಮುಂದೆ ಪ್ಲಾಸ್ಟಿಕ್ ಹಾಳೆ ಬೇರೆ. ಮುಖಪುಟವನ್ನು ಫೋನಿನಲ್ಲಿ ಹಿಗ್ಗಿಸಿ ನೋಡುವ ಬದಲು ಹಾಗೆ ತೂಗುಹಾಕಿ, ಎರಡು ಮೀಟರ್ ದೂರದಿಂದ ಏನು ಓದಲು ಬರುತ್ತದೆಂದು ಬರೆದಿಡುವುದು ಒಳ್ಳೆಯದು.

ಮುಂದಿನ ಕಂತಿನಲ್ಲಾದರೂ ಉದಾಹರಣೆಯ ಮುಖಪುಟವನ್ನು ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸದೆ ಕಾಲುಪುಟದಷ್ಟು ಅಚ್ಚುಹಾಕಿ. ಒತ್ತುಗಳು ಕಾಣಲಿ.

— ಪುಟವಿನ್ಯಾಸ ಕಲಿಸುವವರು, ಮಡಿಕೇರಿ