ಅಪ್ಪನ ಕಣ್ಣಿನ ಆಪರೇಷನ್ ಮುಂದೆ ಹಾಕಬೇಡಿ

ಒಸಾಕಾ, ಭಾನುವಾರ ರಾತ್ರಿ

ಅವ್ವಾ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ನಿನ್ನ ಪತ್ರ ಬಂತು.

ಅಪ್ಪ ಮೆಟ್ಟಿಲು ಕಾಣದೆ ಬಿದ್ದಿದ್ದನ್ನು ಕೊನೇ ಸಾಲಿನಲ್ಲಿ ಬರೆದಿದ್ದೀಯ. ಅದನ್ನೇ ಮೊದಲು ಬರೆಯಬೇಕಿತ್ತು, ಅಲ್ವಾ? ಮೊಣಕಾಲಿನ ಗಾಯ ಮಾಯುತ್ತದೆ. ಕಣ್ಣಿನ ಪೊರೆ ತಾನಾಗಿ ಹೋಗುವುದಿಲ್ಲ. ‘ಪೊರೆ ಮಾಗಲಿ, ಮಿಲ್ಲಿನ ಸೀಸನ್ ಮುಗಿಯಲಿ’ ಅನ್ನುತ್ತಾರಂತೆ. ಮಾಗುವ ತನಕ ಕಾಯುವ ಕಾಲ ಹೋಯಿತು ಅವ್ವಾ. ಬಿಟ್ಟಷ್ಟೂ ಗಟ್ಟಿಯಾಗಿ, ತೆಗೆಯುವುದು ಕಷ್ಟವಾಗುತ್ತದೆ.

ನಿನ್ನ ಪತ್ರ ಓದಿದ ಮೇಲೆ ರೂಮಿನಲ್ಲಿ ಕೂರಲಾಗಲಿಲ್ಲ. ನಿಪ್ಪೊಂಬಾಶಿ ಅನ್ನುವ ಬಜಾರಿಗೆ ಹೋದೆ. ಅಲ್ಲಿ ಹಳೇ ವಿಡಿಯೋ ಗೇಮ್ ಮಾರುವ ಅಂಗಡಿಗಳಿವೆ. ಒಂದೊಂದು ಕ್ಯಾಸೆಟ್ಟನ್ನೂ ಒರೆಸಿ, ರೇಷ್ಮೆ ಸೀರೆಯಂತೆ ಪ್ಲಾಸ್ಟಿಕ್ಕಿನಲ್ಲಿಟ್ಟಿರುತ್ತಾರೆ. ತಲೆ ನರೆತವರೂ ಬಂದು ಆಡುತ್ತಾರೆ. ಅಪ್ಪ ಹೊಸಪೇಟೆಯಿಂದ ತಂದಿದ್ದ ಗೇಮಿನ ಡಬ್ಬಿ, ಇಲ್ಲಿಯ ಫ್ಯಾಮಿಕಾಂ ಅನ್ನುವ, ಟಿವಿಗೆ ಹಚ್ಚಿ ಆಡುವ ಯಂತ್ರದ ನಕಲು. ಅಸಲಿ ಬಂದಿದ್ದು 1983ರಲ್ಲಿ. ಮಾಡಿದ ನಿಂಟೆಂಡೊ ಕಂಪನಿ ಪಕ್ಕದ ಕ್ಯೋಟೋದ್ದು, ರೈಲಿನಲ್ಲಿ ಅರ್ಧ ಗಂಟೆ.

ಒಂದು ಡಬ್ಬಾ ಟಿವಿಯಲ್ಲಿ ಡಕ್ ಹಂಟ್ ಹಾಕಿದ್ದರು. ಅದೇ, ಆಟದ ಗನ್ ಹಿಡಿದು ಟಿವಿಯೊಳಗಿನ ಹಕ್ಕಿ ಹೊಡೆಯುವ ನಮ್ಮ ಬಾತುಕೋಳಿ ಆಟ. ಆ ನಾಯಿ ಹುಲ್ಲಿಗೆ ಹಾರಿದ ಸದ್ದು ಕೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಆಟಕ್ಕೆ ಅಳುತ್ತೇನೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ಆ ಗನ್ನಿನಿಂದ ಟಿವಿಗೆ ಏನೂ ಹೋಗುವುದಿಲ್ಲ ಅವ್ವಾ. ಒತ್ತಿದ ಕೂಡಲೇ ಟಿವಿ ಒಂದು ಚಣ ಕಪ್ಪಾಗಿ, ಹಕ್ಕಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಗನ್ನಿನ ಮೂತಿಯೊಳಗೆ ಒಂದು ಕಣ್ಣಿದೆ. ಅದಕ್ಕೆ ಆ ಬೆಳಕು ಕಂಡರೆ ಹಕ್ಕಿ ಬಿತ್ತು. ಈಗಿನ ತೆಳು ಟಿವಿಯಲ್ಲಿ ಚಿತ್ರ ತುಸು ತಡವಾಗಿ ಮೂಡುತ್ತದೆ, ಹಳೇ ಗನ್ನು ನಡೆಯುವುದಿಲ್ಲ. ಅಟ್ಟದ ಮೇಲಿನ ಟಿವಿಯನ್ನು ದಯವಿಟ್ಟು ಗುಜರಿಗೆ ಹಾಕಬೇಡ.

ಇನ್ನೊಂದು ಗೊತ್ತಾಯಿತು. ಒಂದೇ ಹಕ್ಕಿ ಬರುವ ಆಟದಲ್ಲಿ ಪಕ್ಕದವರು ಗೇಮಿನ ರಿಮೋಟ್ ಹಿಡಿದು ಹಕ್ಕಿಯನ್ನು ಬೇಕಾದ ಕಡೆ ಹಾರಿಸಬಹುದಂತೆ. ಅಪ್ಪ ಮಿಲ್ಲಿನಿಂದ ಬಂದು, ಅಂಗಿ ಮೇಲೆ ತೌಡಿನ ಧೂಳು ಇದ್ದ ಹಾಗೇ ರಿಮೋಟ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಸುಮ್ನೆ ಹಿಡಿದಿದ್ದಾರೆ ಅಂದುಕೊಂಡಿದ್ದೆ. ನನ್ನ ಹಕ್ಕಿಗಳು ಮಾತ್ರ ಗನ್ನಿನ ಎದುರಿಗೇ ಬರುತ್ತಿದ್ದವು. ಅವರಿಗೆ ಗೊತ್ತಿತ್ತಾ? ಕೇಳಿ ಬರಿ.

ಶುಕ್ರವಾರ ತಮ್ಮನ ಖಾತೆಗೆ ದುಡ್ಡು ಹಾಕಿದ್ದೇನೆ. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಆಪರೇಷನ್ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಕಣ್ಣುಜ್ಜಲು ಬಿಡಬೇಡ, ಡ್ರಾಪ್ಸ್ ತಪ್ಪಿಸಬೇಡ. ಅಕ್ಕ ಜೊತೆಗೆ ಹೋಗಲಿ.

ನನಗೆ ಇಲ್ಲಿ ಏನೂ ಕಷ್ಟವಿಲ್ಲ. ನಿಜವಾಗಲೂ ಇಲ್ಲ. ದುಡ್ಡು ಸಾಕಾಗುತ್ತದೆ, ನಿದ್ದೆ ಬರುತ್ತದೆ, ಚಳಿಗೆ ಕೋಟು ಇದೆ. ಅನ್ನ ನಮ್ಮ ಗಂಗಾವತಿ ಸೋನಾಮಸೂರಿಯಂತೆ ಉದುರಾಗಿರುವುದಿಲ್ಲ, ಅಂಟುತ್ತದೆ, ಆದರೂ ಹೊಟ್ಟೆ ತುಂಬ ತಿನ್ನುತ್ತೇನೆ.

ಬೆಳಗಿನ ಪಾಳಿ ಇದೆ, ನಿಲ್ಲಿಸುತ್ತೇನೆ. ಆಪರೇಷನ್ ತಾರೀಖು ಗೊತ್ತಾದ ದಿನವೇ ತಮ್ಮನ ಕೈಲಿ ಫೋನ್ ಮಾಡಿಸು.

ನಿನ್ನ ಮಗ